ಕಡ್ಡಾಯ ರಜೆಯ ಹತ್ತು ದಿನ

ನಮ್ಮ ಅಕ್ಕ ಹಣಕಾಸಿನ ಕ್ಷೇತ್ರದಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ ಎಂದು ಹೇಳಿಕೊಂಡು ನಾವು ವರ್ಷಗಟ್ಟಲೆ ಮೆರೆದೆವು. ಆ ಕೆಲಸದ ತಲೆಬುಡ ನಮಗ್ಯಾರಿಗೂ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ ಅಮ್ಮ, “ಬ್ಯಾಂಕಲ್ಲಿದ್ದಾಳೆ” ಎಂದುಬಿಡುತ್ತಿದ್ದಳು. ಬ್ಯಾಂಕಲ್ಲಮ್ಮಾ, ಮ್ಯೂಚುವಲ್ ಫಂಡ್ ಕಂಪನಿ ಎಂದು ಅಕ್ಕ ತಿದ್ದಿದರೆ, “ದುಡ್ಡಿರೋ ಜಾಗ ಎಲ್ಲಾ ಬ್ಯಾಂಕೇ ಬಿಡು” ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದಳು. ಈಗ ಕೇಳಿ ನನ್ನನ್ನು. ಅಲ್ಲಿ ಯಾವ ಕಾಗದಕ್ಕೆ ಯಾರು ಸಹಿ ಹಾಕಬೇಕು, ಯಾವ ಬೆಲೆಯನ್ನು ಯಾರು ಪರೀಕ್ಷಿಸಬೇಕು, ಎಲ್ಲ ನನಗೆ ಬಾಯಿಪಾಠ. ಅಕ್ಕನ ಕೆಲಸ ಹೋದ ಮೇಲೆ ಕಲಿತ ವಿದ್ಯೆ ಇದು. ಇದರಿಂದ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲ.

ನಮ್ಮದು ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಒಬ್ಬರು ಟೈಪಿಸ್ಟ್ ಕೂರುತ್ತಿದ್ದರು. ಅಫಿಡವಿಟ್ ಟೈಪು ಮಾಡುವುದು ಅವರು, ಕಾಪಿ ತೆಗೆಯುವುದು ನಾವು. ಅಪ್ಪನಿಗೆ ಒಂದು ಹಠವಿತ್ತು. ಒರಿಜಿನಲ್ ಕೈಗೆ ಕೊಡದಿದ್ದರೆ ಯಾವ ಸರ್ಟಿಫಿಕೇಟನ್ನೂ ಕಾಪಿ ಮಾಡುತ್ತಿರಲಿಲ್ಲ. ಹುಟ್ಟಿದ ತಾರೀಖಿನ ಮೇಲೆ ಬಿಳಿ ಪಟ್ಟಿ ಅಂಟಿಸಿ, ಅದರ ಮೇಲೆ ಬೇರೆ ತಾರೀಖು ಬರೆದುಕೊಂಡು, “ಒಂದು ಕಾಪಿ ಹಾಕ್ಕೊಡಿ ಸಾರ್, ಗೊತ್ತಾಗಲ್ಲ” ಎಂದು ವಾರಕ್ಕೊಬ್ಬರಾದರೂ ಬರುತ್ತಿದ್ದರು. ಅಪ್ಪ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ವಾಪಸ್ ಕೊಡುತ್ತಿದ್ದರು. ನಾನು? ಸುಳ್ಳು ಯಾಕೆ ಹೇಳಲಿ. ಅಪ್ಪ ಊಟಕ್ಕೆ ಮೇಲೆ ಹೋಗುವ ತನಕ ಕಾಯಿರಿ ಎಂದು ಕಣ್ಸನ್ನೆ ಮಾಡುತ್ತಿದ್ದೆ. ಬಂದವರಿಗೂ ಕೆಲಸ ಆಗಬೇಕಲ್ಲ. ಅಕ್ಕ ಇದನ್ನು ಎಷ್ಟೋ ಸಲ ಕಂಡಿದ್ದಳು, ಒಂದು ಸಲವೂ ಅಪ್ಪನಿಗೆ ಚಾಡಿ ಹೇಳಲಿಲ್ಲ.

ಬೀದಿಯಲ್ಲಿ ಅವಳಿಗೆ ‘ಪರ್ಸೆಂಟು’ ಎಂದೇ ಹೆಸರು. ಆರನೇ ವಯಸ್ಸಿಗೆಲ್ಲ ಆ ಲೆಕ್ಕ ತಲೆಗೆ ಹತ್ತಿತ್ತು. ಅಮ್ಮ ಹಾಲು ಎಷ್ಟಿದೆ ನೋಡು ಎಂದರೆ, “ಮೂವತ್ತು ಪರ್ಸೆಂಟ್ ಉಳಿದಿದೆ” ಎನ್ನುತ್ತಿದ್ದಳು. ನನ್ನ ಪರೀಕ್ಷೆಯ ಫಲಿತಾಂಶ ಬಂದಾಗ, “ಇವಳು ಪಾಸಾಗೋ ಸಾಧ್ಯತೆ ಹನ್ನೆರಡು ಪರ್ಸೆಂಟ್ ಇತ್ತು, ಆದರೂ ಆಗಿದ್ದಾಳೆ” ಎಂದು ನಿಜವಾಗಿಯೂ ಆಶ್ಚರ್ಯಪಟ್ಟವಳು ಅವಳೊಬ್ಬಳೇ. ಹಾಗಾಗಿ ಹೊರದೇಶಕ್ಕೆ ಓದಲು ಕಳಿಸುವ ಮಾತು ಬಂದಾಗ ಇಬ್ಬರಲ್ಲಿ ಯಾರು ಎಂಬ ಚರ್ಚೆ ನಡೆಯಲೇ ಇಲ್ಲ. ತಂಗಿಯ ಬಾಳನ್ನು ಬಲಿಕೊಟ್ಟು ಅಕ್ಕನನ್ನು ಓದಿಸಿದರು ಎಂದು ಆಗಾಗ ಮರುಕಪಡುವ ಚಿಕ್ಕಮ್ಮ ಒಬ್ಬಳಿದ್ದಾಳೆ. ಹಾಗೇನಿಲ್ಲ. ನನಗೆ ಓದು ಹತ್ತುತ್ತಿರಲಿಲ್ಲ, ಅಷ್ಟೇ. ಆದರೆ ಅಪ್ಪ ಎರಡು ಮಿಷನ್‌ಗಳಲ್ಲಿ ಹೊಸದನ್ನು ಮಾರಿದರು. ಹಳೆಯದರ ಮುಂದೆ ನಾನು ನಿಂತೆ. ಅದು ಹತ್ತು ಪ್ರತಿಗೊಂದು ಸಲ ಕಾಗದ ನುಂಗುತ್ತಿತ್ತು, ನಾನು ಬಾಗಿಲು ತೆಗೆದು ಅದರ ಹೊಟ್ಟೆಯೊಳಗೆ ಕೈ ಹಾಕುತ್ತಿದ್ದೆ. ಅಲ್ಲಿ ಅಕ್ಕ ಓದುತ್ತಿದ್ದಳು. ಹೊಟ್ಟೆಕಿಚ್ಚು ಪಟ್ಟಿಲ್ಲ ಎಂದರೆ ಅದೂ ಸುಳ್ಳೇ ಆಗುತ್ತದೆ.

ಅಲ್ಲಿ ಅವಳು ಸುಖವಾಗಿದ್ದಾಳೆ ಎಂದು ಆ ಎರಡು ವರ್ಷವೂ ನಂಬಿದ್ದೆ. ಫೋಟೋದಲ್ಲಿ ಕೋಟು ಹಾಕಿಕೊಂಡು ನಿಂತಿರುತ್ತಿದ್ದಳು. ಆ ಕೋಟು ಹಿಂದಿನ ಬಾಡಿಗೆಯವಳು ಬಿಟ್ಟುಹೋದದ್ದು ಎಂದು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಕೋಣೆಯ ಕಿಟಕಿ ತೆರೆದರೆ ಕೈಗೆಟುಕುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. ಬೆಳಿಗ್ಗೆ ಆರಕ್ಕೆ ಕಾಲೇಜಿನ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯಬೇಕು. ಒಂಬತ್ತಕ್ಕೆ ಅದೇ ತಟ್ಟೆಯಲ್ಲಿ ತಿಂದವರ ಪಕ್ಕ ಕೂತು ಬಡ್ಡಿದರ, ಅಪಾಯ, ಬಂಡವಾಳ ಎಂದು ಬರೆದುಕೊಳ್ಳಬೇಕು. ಗುಂಪು ಕಟ್ಟಿ ಮಾಡುವ ಕೆಲಸದಲ್ಲಿ ಲೆಕ್ಕವೆಲ್ಲ ಇವಳದು, ಎದ್ದುನಿಂತು ಮಾತಾಡುವುದು ಬೇರೆಯವರು. ಕೊನೆಯ ವರ್ಷ ಅರವತ್ತೆಂಟು ಕಡೆ ಕೆಲಸಕ್ಕೆ ಅರ್ಜಿ ಹಾಕಿದಳು. ಅವಳ ವೀಸಾದ ಜವಾಬ್ದಾರಿ ಯಾರು ಹೊರುತ್ತಾರೆ ಎಂಬ ಪ್ರಶ್ನೆ ಬಂದ ಕೂಡಲೇ ಎದುರಿಗಿದ್ದವರ ನಗು ಮೆತ್ತಗಾಗುತ್ತಿತ್ತಂತೆ. ಅರವತ್ತೆಂಟು ಕಡೆಯೂ ಇಲ್ಲವೆನಿಸಿಕೊಂಡು, ಚಿನ್ನದ ಬಣ್ಣದ ಅಕ್ಷರದ ಪದವಿಪತ್ರ ಹಿಡಿದು ವಾಪಸ್ ಬಂದಳು. ಅಪ್ಪ ಆ ಪದವಿಪತ್ರದ ಇಪ್ಪತ್ತು ಕಲರ್ ಕಾಪಿ ತಾವೇ ತೆಗೆದರು. ಒಂದೊಂದನ್ನೂ ಅಂಚು ಕೂಡಿಸಿ, ತಟ್ಟಿ, ಫೈಲಿಗೆ ಹಾಕಿದರು.

ಇಲ್ಲಿ ಬೇರೆ ಪ್ರಶ್ನೆ. “ಅಷ್ಟು ಓದಿ ಯಾಕೆ ವಾಪಸ್ ಬಂದ್ರಿ? ಅಲ್ಲಿ ಯಾರೂ ತಗೊಳ್ಳಲಿಲ್ವಾ?” ಎಂದು ಸಂದರ್ಶನದಲ್ಲಿ ಮುಖಕ್ಕೆ ಹೊಡೆದಂತೆ ಕೇಳುತ್ತಿದ್ದರು. ಒಂದು ವರ್ಷ ಅಲೆದ ಮೇಲೆ ದೊಡ್ಡ ಊರಿನ ಫಂಡ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಏನು ಕೆಲಸ? ಬ್ಯಾಂಕಿನಿಂದ ಬಂದ ಪಟ್ಟಿಯನ್ನೂ ಕಂಪನಿಯ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಹೊಂದಿಸುವುದು. ಬೆಳಿಗ್ಗೆ ಎಂಟರಿಂದ ಸಂಜೆ ಎಂಟರವರೆಗೆ, ಮೂರು ವರ್ಷ. “ಇದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಮ್ಮ ಟೈಪಿಸ್ಟ್ ಕೂಡ ಮಾಡ್ತಾರೆ” ಎಂದು ಛೇಡಿಸಿದ್ದೆ. ಅವಳು ನಗಲಿಲ್ಲ.

ಮೂರನೆಯ ವರ್ಷ ಒಂದು ದಶಾಂಶ ಬಿಂದು ಅವಳ ಬಾಳು ಬದಲಿಸಿತು. ಬೆಲೆ ಕಟ್ಟುವ ವಿಭಾಗದಿಂದ ಬಂದ ಪಟ್ಟಿಯಲ್ಲಿ ಒಂದು ಸಾಲಿನ ಬಿಂದು ಒಂದು ಮನೆ ಆಚೆ ಸರಿದಿತ್ತು. ಅಕ್ಕ ಅದನ್ನು ಹಿಡಿದಳು. ಎಲ್ಲರಿಗೂ ಗೊತ್ತಾಗುವಂತೆ ಮೇಲ್ ಹಾಕಿ ಹೆಸರು ಮಾಡಿಕೊಳ್ಳಬಹುದಿತ್ತು. ಹಾಗೆ ಮಾಡದೆ ಲಿಫ್ಟ್ ಹತ್ತಿ ಆ ವಿಭಾಗದ ಮುಖ್ಯಸ್ಥೆಯ ಮುಂದೆ ನಿಂತು ಮೆಲ್ಲಗೆ ಹೇಳಿದಳು. ಆ ಮುಖ್ಯಸ್ಥೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಮೇಡಂ ಎಂದು. ಆ ಮಹಡಿಯಲ್ಲಿ ಬಾಗಿಲಿರುವ ಕೋಣೆ ಇದ್ದ ಒಬ್ಬಳೇ ಹೆಂಗಸು. “ಬರೆದು ಕಳಿಸದೆ ಬಂದು ಹೇಳಿದ್ಯಲ್ಲ, ಇಂಥವರು ಬೇಕು ನನಗೆ” ಎಂದರಂತೆ. ಮುಂದಿನ ತಿಂಗಳೇ ಅಕ್ಕನನ್ನು ತಮ್ಮ ವಿಭಾಗಕ್ಕೆ ಎಳೆದುಕೊಂಡರು. ಪ್ರಾಮಾಣಿಕತೆಗೆ ಸಿಕ್ಕ ಬೆಲೆ ಎಂದು ಅಮ್ಮ ಊರೆಲ್ಲ ಹೇಳಿದಳು. ಬರೆದು ಕಳಿಸದೇ ಇದ್ದದ್ದಕ್ಕೆ ಸಿಕ್ಕ ಬೆಲೆ ಅದು ಎಂದು ಈಗ ನನಗನ್ನಿಸುತ್ತದೆ.

ಆ ವಿಭಾಗದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು. ಫಂಡು ಜನರ ದುಡ್ಡಿನಲ್ಲಿ ಬೇರೆ ಬೇರೆ ಕಂಪನಿಗಳ ಸಾಲಪತ್ರ ಕೊಂಡಿರುತ್ತದೆ. ಪ್ರತಿ ಸಂಜೆ ಆ ಒಂದೊಂದು ಪತ್ರಕ್ಕೂ ಇವತ್ತಿನ ಬೆಲೆ ಇಷ್ಟು ಎಂದು ಬರೆಯಬೇಕು. ದಿನವೂ ಕೈಬದಲಾಗುವ ಪತ್ರಗಳಿಗೆ ಪೇಟೆಯೇ ಬೆಲೆ ಹೇಳುತ್ತದೆ. ತಿಂಗಳುಗಟ್ಟಲೆ ಯಾರೂ ಕೊಳ್ಳದ, ಮಾರದ ಪತ್ರಗಳೂ ಇರುತ್ತವೆ. ಅಂಥವಕ್ಕೆ ತಿಂಗಳ ಕೊನೆಯಲ್ಲಿ ಬ್ರೋಕರನ್ನು ಕೇಳಿ, ‘ಇಂಥವರೊಡನೆ ಮಾತಾಡಿ ಖಚಿತಪಡಿಸಿಕೊಂಡಿದೆ’ ಎಂದು ಫೈಲಿನಲ್ಲಿ ಬರೆದು ಸಹಿ ಹಾಕಬೇಕು. ಆ ಸಹಿಯನ್ನು ನಂಬಿ ಊರಿನ ಜನ ಉಳಿತಾಯ ಇಡುತ್ತಾರೆ. ನಮ್ಮ ಟೈಪಿಸ್ಟ್ ಇಟ್ಟಿದ್ದರು. “ಪರ್ಸೆಂಟು ಇರೋ ಕಂಪನಿ ಅಂದ್ಮೇಲೆ ಇನ್ನೇನು ನೋಡೋದು” ಎಂದು, ಮೂವತ್ತು ವರ್ಷ ಬೆರಳು ಸವೆಸಿ ಕೂಡಿಟ್ಟಿದ್ದನ್ನು ಅಕ್ಕನ ಫಂಡಿಗೇ ಹಾಕಿ ನಿಶ್ಚಿಂತೆಯಾಗಿ ನಿವೃತ್ತರಾದರು.

ಅಲ್ಲಿನ ಇನ್ನೊಂದು ನಿಯಮ ನಮ್ಮ ಮನೆಯಲ್ಲಿ ದೊಡ್ಡ ತಮಾಷೆಯಾಗಿತ್ತು. ಬೆಲೆ ಬರೆಯುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಒಟ್ಟಿಗೆ ಹತ್ತು ದಿನ ಕಡ್ಡಾಯವಾಗಿ ರಜೆ ಹಾಕಲೇಬೇಕು. ಅಷ್ಟೂ ದಿನ ಅವರ ಗುರುತಿನ ಕಾರ್ಡಿಗೆ ಬಾಗಿಲು ತೆರೆಯುವುದಿಲ್ಲ, ಮೇಲ್ ತೆರೆಯುವುದಿಲ್ಲ. ಇನ್ನೊಬ್ಬರು ಅವರ ಕುರ್ಚಿಯಲ್ಲಿ ಕೂತು ಅವರ ಕೆಲಸವನ್ನೆಲ್ಲ ಮಾಡುತ್ತಾರೆ. ಯಾರಾದರೂ ಒಳಗೊಳಗೇ ಏನಾದರೂ ಮುಚ್ಚಿಟ್ಟಿದ್ದರೆ ಆ ಹತ್ತು ದಿನದಲ್ಲಿ ಹೊರಗೆ ಬೀಳಲಿ ಎಂಬುದು ಲೆಕ್ಕ. “ರಜೆ ತಗೊಳ್ಳದಿದ್ರೆ ಕಳ್ಳ ಅಂತ ಅರ್ಥ. ಎಂಥಾ ಒಳ್ಳೆ ಕಂಪನಿ!” ಎಂದು ಅಮ್ಮ ನಗುತ್ತಿದ್ದಳು. ಅಕ್ಕ ಮನೆಗೆ ಬರುತ್ತಿದ್ದದ್ದೇ ಆ ಹತ್ತು ದಿನ. ಬಂದವಳು ಸುಮ್ಮನೆ ಕೂರದೆ ಅಂಗಡಿಗಿಳಿದು ಕಾಗದದ ಕಟ್ಟು ಜೋಡಿಸುತ್ತಿದ್ದಳು. ಮದುವೆಯ ಮಾತೆತ್ತಿದರೆ, “ವರ್ಷಕ್ಕೆ ಹತ್ತು ದಿನ ಸಂಸಾರ ಮಾಡೋ ಗಂಡಿದ್ರೆ ಹೇಳಿ, ನಾನು ರೆಡಿ” ಎನ್ನುತ್ತಿದ್ದಳು.

ಮೇಡಂ ಕೂಡ ವರ್ಷವರ್ಷವೂ ರಜೆ ಹಾಕುತ್ತಿದ್ದರು, ತಿಂಗಳ ಮೊದಲ ವಾರ ನೋಡಿಕೊಂಡು. ಅವರ ಕುರ್ಚಿಯಲ್ಲಿ ಅಕ್ಕ ಕೂರುತ್ತಿದ್ದಳು. ಐದು ವರ್ಷ ಏನೂ ಆಗಲಿಲ್ಲ. ಆರನೆಯ ವರ್ಷದ ಕೊನೆಗೆ ಮೇಡಂ ಮಗನ ಮದುವೆ ಬಂತು. ಮುಹೂರ್ತ ಯಾರ ಮಾತು ಕೇಳುತ್ತದೆ? ಅವರ ಹತ್ತು ದಿನದೊಳಗೆ ತಿಂಗಳ ಕೊನೆ ಸಿಕ್ಕಿಬಿತ್ತು. ಬ್ರೋಕರುಗಳಿಗೆ ಫೋನು ಮಾಡಿ ಫೈಲು ಬರೆಯುವ ಕೆಲಸ ಮೊದಲ ಸಲ ಅಕ್ಕನ ಪಾಲಿಗೆ ಬಂತು.

ಗಾಜಿನ ಬಾಟಲಿ ಮಾಡುವ ಒಂದು ಕಂಪನಿಯ ಸಾಲಪತ್ರ. ನೂರಕ್ಕೆ ತೊಂಬತ್ತಾರು ಎಂದು ಬೆಲೆ ಬರೆದಿತ್ತು. ಅಕ್ಕ ಬ್ರೋಕರಿಗೆ ಫೋನು ಮಾಡಿ ಈ ತಿಂಗಳೂ ತೊಂಬತ್ತಾರೇ ತಾನೆ ಎಂದು ಕೇಳಿದಳು. ಆ ಮನುಷ್ಯ ನಕ್ಕ. “ಏನ್ರೀ ಇದು, ನಾನು ಆ ಪತ್ರ ಮುಟ್ಟಿ ಎಂಟು ತಿಂಗಳಾಯ್ತು. ಫ್ಯಾಕ್ಟರಿ ಬಾಗಿಲು ಹಾಕಿದೆ. ಇಪ್ಪತ್ತಕ್ಕೆ ಕೊಟ್ರೂ ಯಾರೂ ಕೇಳಲ್ಲ” ಎಂದ. ಅಕ್ಕ ಫೈಲು ತಿರುವಿದಳು. ಎಂಟು ತಿಂಗಳೂ ‘ಮಾತಾಡಿ ಖಚಿತಪಡಿಸಿಕೊಂಡಿದೆ’ ಎಂದು ಅದೇ ಬ್ರೋಕರಿನ ಹೆಸರಿನಲ್ಲಿ ಮೇಡಂ ಬರೆದಿದ್ದರು. ಫ್ಯಾಕ್ಟರಿಯ ಮಾಲೀಕರು ಎಲ್ಲಿಂದಲೋ ತಂದು ಬಡ್ಡಿ ಕಟ್ಟುತ್ತಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆವತ್ತು ಮಧ್ಯಾಹ್ನ ಅವಳು ಅಂಗಡಿಯ ಫೋನಿಗೆ ಮಾಡದೆ ನನ್ನ ಮೊಬೈಲಿಗೆ ಮಾಡಿದಳು.

“ಅಪ್ಪ ಇದ್ದಾರಾ ಪಕ್ಕದಲ್ಲಿ?”

“ಊಟಕ್ಕೆ ಹೋದ್ರು. ಕರೀಲಾ?”

“ಬೇಡ. ನಿನ್ನ ಹತ್ರಾನೇ ಮಾತಾಡ್ಬೇಕಿತ್ತು.”

ಎಲ್ಲ ಹೇಳಿದಳು. ಅರ್ಧ ನನಗೆ ಅರ್ಥವಾಗಲಿಲ್ಲ, ಆದರೆ ತೊಂಬತ್ತಾರು ಮತ್ತು ಇಪ್ಪತ್ತು ಅರ್ಥವಾದವು. ಮೇಲಿನವರಿಗೆ ಬರೆದು ತಿಳಿಸಿದರೆ ಮೇಡಂ ತಲೆದಂಡ ಖಂಡಿತ. ಜೊತೆಗೆ ಇಷ್ಟು ವರ್ಷ ಪಕ್ಕದಲ್ಲೇ ಕೂತವಳಿಗೆ ಗೊತ್ತಿರಲಿಲ್ಲವೇ ಎಂದು ಅಕ್ಕನ ಮೇಲೂ ಬರುತ್ತದೆ. ತಿಳಿಸದೆ ತಾನೇ ಬೇರೆ ಬೆಲೆ ಬರೆದರೆ ಸಂಜೆಯೊಳಗೆ ಗದ್ದಲ. ಸುಮ್ಮನೆ ತೊಂಬತ್ತಾರು ಎಂದು ಬರೆದರೆ ಈ ಸಲದ ಸುಳ್ಳಿನ ಕೆಳಗೆ ಅವಳ ಸಹಿ ಇರುತ್ತದೆ. ಆರು ಗಂಟೆಯೊಳಗೆ ಯಾವುದೋ ಒಂದನ್ನು ಮಾಡಬೇಕಿತ್ತು.

“ಏನ್ ಮಾಡ್ಲಿ ಹೇಳೇ?” ಎಂದಳು. ನಾನು ಹುಟ್ಟಿದ ಮೇಲೆ ಅವಳು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.

ಆ ವಾರವಷ್ಟೇ ಅವಳ ದುಡ್ಡಿನಲ್ಲಿ ಹೊಸ ಕಲರ್ ಮಿಷನ್ ಬಂದಿತ್ತು. ನನ್ನ ಮಗಳನ್ನು ಒಳ್ಳೆಯ ಶಾಲೆಗೆ ಹಾಕಿದ್ದೂ ಅವಳೇ. ನನ್ನ ಗಂಡ ಓಡಿಸುವ ವ್ಯಾನು ಅವಳ ಹೆಸರಿನಲ್ಲಿತ್ತು. ಇವೆಲ್ಲ ನನ್ನ ತಲೆಯಲ್ಲಿ ಓಡಲಿಲ್ಲ ಎಂದು ಹೇಳಲಾರೆ. ಓಡಿದವು, ಸಾಲಾಗಿ ಓಡಿದವು.

“ಸುಮ್ನಿದ್ಬಿಡಕ್ಕಾ. ಕುರ್ಚಿ ಅವರದ್ದು, ತಪ್ಪೂ ಅವರದ್ದೇ. ಹತ್ತು ದಿನ ಕಣ್ಮುಚ್ಚಿ ಕೂತು ಎದ್ದು ಬಾ. ನಿನ್ನನ್ನ ಕೈಹಿಡಿದು ಮೇಲೆ ತಂದವರ ಕೊರಳಿಗೆ ನೀನೇ ಹಗ್ಗ ಹಾಕ್ತೀಯಾ?”

“ಹೂಂ, ನೀನು ಹೇಳೋದೂ ಸರಿ” ಎಂದು ಫೋನಿಟ್ಟಳು. ನಾನು ಮಿಷನ್ ಮುಂದೆ ನಿಂತೆ. ಅಪ್ಪ ಊಟ ಮುಗಿಸಿ ಇಳಿದು ಬಂದು ಯಾರ ಫೋನು ಎಂದರು. ಟೋನರಿನವನದು ಎಂದೆ.

ಮೇಡಂ ಮದುವೆ ಮುಗಿಸಿ ಬಂದರು. ಫೈಲು ತೆರೆದು ಅಕ್ಕನ ಕೈಬರಹದಲ್ಲಿ ತೊಂಬತ್ತಾರು ಇರುವುದನ್ನು ನೋಡಿದರು. ಮದುವೆಯ ಸಿಹಿಯ ಡಬ್ಬಿ ಕೊಟ್ಟು ಅವಳ ಬೆನ್ನು ತಟ್ಟಿದರಂತೆ. ಮೂರೇ ತಿಂಗಳಲ್ಲಿ ಅವರು ಬಡ್ತಿ ಪಡೆದು ಮೇಲಿನ ಮಹಡಿಗೆ ಹೋದರು, ಅಕ್ಕ ಆ ವಿಭಾಗದ ಮುಖ್ಯಸ್ಥೆಯಾದಳು. ಅಧಿಕಾರ ವಹಿಸಿಕೊಳ್ಳುವಾಗ ಒಂದು ಕಾಗದಕ್ಕೆ ಸಹಿ ಹಾಕುವ ಪದ್ಧತಿಯಿದೆ: ‘ಎಲ್ಲ ಬೆಲೆಗಳನ್ನು ನಾನು ಪರಿಶೀಲಿಸಿದ್ದೇನೆ, ಸರಿಯಿವೆ.’ ಅಕ್ಕ ಹಾಕಿದಳು. ನಾವು ಮನೆಯಲ್ಲಿ ಕುಣಿದಾಡಿದೆವು. ಬಾಗಿಲಿರುವ ಕೋಣೆ ಈಗ ನಮ್ಮ ಪರ್ಸೆಂಟಿನದು! ನಾನಂತೂ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಆಮೇಲೆ ಅವಳು ಮಾಡಿದ ತಪ್ಪು ಲೆಕ್ಕ ಬಲ್ಲವರು ಮಾತ್ರ ಮಾಡುವಂಥದ್ದು. ನಾನಾಗಿದ್ದರೆ ಅದನ್ನು ಹಾಗೇ ಬಿಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಅವಳಿಗೆ ಆಗಲಿಲ್ಲ. ಸುಳ್ಳು ಬೆಲೆಯನ್ನು ನಿಧಾನವಾಗಿ ನಿಜದ ಹತ್ತಿರಕ್ಕೆ ತಂದುಬಿಡೋಣ, ತಿಂಗಳಿಗೆ ಎರಡೆರಡು ಇಳಿಸಿದರೆ ಯಾರಿಗೂ ಗಾಬರಿಯಾಗುವುದಿಲ್ಲ, ಕೆಲವು ವರ್ಷಗಳಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಅವಳ ಲೆಕ್ಕ. ಕದ್ದಿದ್ದನ್ನು ಕಂತಿನಲ್ಲಿ ವಾಪಸ್ ಇಡುವ ಹಾಗೆ. ಆದರೆ ಬೆಲೆ ಇಳಿಸುವುದಕ್ಕೂ ಕಾರಣ ಬರೆಯಬೇಕಲ್ಲ. ಬ್ರೋಕರು ತೊಂಬತ್ತನಾಲ್ಕು ಎಂದ, ತೊಂಬತ್ತೆರಡು ಎಂದ ಎಂದು ಅವಳೇ ಬರೆಯತೊಡಗಿದಳು. ಮೇಡಂ ಹೇಳಿದ್ದು ಒಂದೇ ಸುಳ್ಳು, ಅದನ್ನೇ ಮತ್ತೆ ಮತ್ತೆ. ಅಕ್ಕ ತಿಂಗಳಿಗೊಂದು ಹೊಸ ಸುಳ್ಳು ಬರೆದಳು, ಪ್ರಾಮಾಣಿಕವಾಗಿರುವ ಆಸೆಯಿಂದ. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಹದಿನೈದು ತಿಂಗಳಾದವು. ಅವಳ ಕಡ್ಡಾಯ ರಜೆ ಬಂತು. ತಿಂಗಳ ಮೊದಲ ವಾರವೇ ಹಾಕಿಕೊಂಡು ಬಂದಳು. ಹಿಂದಿನ ವರ್ಷದ ರಜೆ ಹೇಗೋ ದಾಟಿತ್ತು, ಇದೂ ದಾಟುತ್ತದೆ ಎಂದುಕೊಂಡಿದ್ದಳು. ಈ ಸಲ ಅವಳ ಕುರ್ಚಿಯಲ್ಲಿ ಕೂತವಳು ಹೊಸ ಹುಡುಗಿ, ಇವಳೇ ಸಂದರ್ಶನ ಮಾಡಿ ತೆಗೆದುಕೊಂಡವಳು. ಅವಳೂ ಹೊರಗೆ ಓದಿ ಬಂದವಳೇ. “ನನ್ನ ಹಾಗೇ ಇದ್ದಾಳೆ ಕಣೇ, ಪಾಪ, ನಗೋದೇ ಇಲ್ಲ” ಎಂದು ಅಕ್ಕ ಮೆಚ್ಚಿಕೊಂಡು ಹೇಳಿದ್ದಳು. ಆ ಹುಡುಗಿಗೆ ತಿಂಗಳ ಮೊದಲ ವಾರ ಕೆಲಸ ಕಡಿಮೆ. ಸುಮ್ಮನೆ ಕೂರಲಾರದೆ ಹಳೆಯ ಫೈಲುಗಳನ್ನು ಓದಿದಳು, ಓದಿದ್ದನ್ನು ಪರೀಕ್ಷಿಸೋಣ ಎಂದು ಬ್ರೋಕರಿಗೆ ಫೋನು ಮಾಡಿದಳು. ಅವನು ಅವಳ ಹತ್ತಿರವೂ ನಕ್ಕಿರಬೇಕು. ಅವಳು ಯಾರನ್ನೂ ಸಲಹೆ ಕೇಳಲಿಲ್ಲ. ಯಾರ ಕೋಣೆಗೂ ಹೋಗಿ ಮೆಲ್ಲಗೆ ಹೇಳಲಿಲ್ಲ. ಮೇಲಿನವರಿಗೆಲ್ಲ ಒಟ್ಟಿಗೆ ಒಂದು ಮೇಲ್ ಬರೆದು ಕಳಿಸಿದಳು. ಅದು ಮೂರನೆಯ ದಿನ. ಇಲ್ಲಿ ಅಕ್ಕ ನನ್ನ ಮಗಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಳು.

ಐದನೆಯ ದಿನ ಬೆಳಿಗ್ಗೆ ಅಂಗಡಿಯಲ್ಲಿದ್ದಾಗ ಅವಳಿಗೆ ಕಂಪನಿಯ ವಕೀಲರ ಫೋನು ಬಂತು. ನಿಂತೇ ಮಾತಾಡಿದಳು. ಎಲ್ಲದಕ್ಕೂ “ಸರಿ”, “ಸರಿ” ಎಂದಳು. ಆಮೇಲೆ ಕಾಗದದ ಕಟ್ಟಿನ ಮೇಲೆ ಕೂತು, “ರಜೆ ಮುಗಿದ ಮೇಲೂ ಬರೋದು ಬೇಡವಂತೆ” ಎಂದಳು. ಅಪ್ಪ ಕನ್ನಡಕ ತೆಗೆದು ಯಾಕೆ ಎಂದು ಕೇಳಿದರು.

ಮುಂದಿನದು ಪೇಪರಿನಲ್ಲಿ ಬಂತು. ಒಂದೇ ದಿನದಲ್ಲಿ ಆ ಪತ್ರದ ಬೆಲೆ ಹದಿನೆಂಟಕ್ಕೆ ಬಿತ್ತು. ಇಂಥವು ಇನ್ನೆಷ್ಟಿವೆಯೋ ಎಂದು ಜನ ದುಡ್ಡು ವಾಪಸ್ ಕೇಳಲು ಮುಗಿಬಿದ್ದರು, ಕಂಪನಿ ಫಂಡಿನ ಬಾಗಿಲೇ ಮುಚ್ಚಿತು. ಟೈಪಿಸ್ಟ್ ನಮ್ಮ ಅಂಗಡಿಗೆ ಬಂದರು. ಜಗಳ ಕಾಯಲಿಲ್ಲ, ಗೊತ್ತೇ? ಬೈದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. “ನಮ್ಮ ಪರ್ಸೆಂಟಿಗೆ ಯಾರೋ ಮೋಸ ಮಾಡಿರ್ಬೇಕು ಅಲ್ವಾ?” ಎಂದು ಅಪ್ಪನನ್ನು ಕೇಳಿದರು. ಅಪ್ಪ ಅವರ ಎರಡೂ ಕೈ ಹಿಡಿದುಕೊಂಡರು. ಎರಡು ವರ್ಷ ಕಾದ ಮೇಲೆ ಅವರಿಗೆ ಸಿಕ್ಕಿದ್ದು ಅರ್ಧಕ್ಕಿಂತ ಚೂರು ಹೆಚ್ಚು. ಈಗ ಮತ್ತೆ ಮೆಟ್ಟಿಲ ಕೆಳಗೆ ಕೂರುತ್ತಾರೆ, ನಡುಗುವ ಬೆರಳಲ್ಲಿ ಟೈಪು ಮಾಡುತ್ತಾರೆ. ಪ್ರತಿ ಪುಟದಲ್ಲೂ ಮೂರು ತಪ್ಪಿರುತ್ತದೆ, ಗಿರಾಕಿಗಳು ಅವರನ್ನು ಗದರಿಸುತ್ತಾರೆ.

ಫಂಡ್ ಕಂಪನಿಗಳ ಮೇಲೆ ಕಣ್ಣಿಟ್ಟಿರುವ ಮಂಡಳಿಯ ವಿಚಾರಣೆ ಆ ಎರಡು ವರ್ಷವೂ ನಡೆಯಿತು. ಮೇಡಂ ಸಾಕ್ಷಿಯಾಗಿ ಬಂದರು. ತಾನು ಅಧಿಕಾರ ಬಿಟ್ಟುಕೊಡುವಾಗ ಎಲ್ಲವನ್ನೂ ಪರಿಶೀಲಿಸಿದ್ದೇನೆಂದು ಈಕೆ ಸಹಿ ಹಾಕಿಕೊಟ್ಟಿದ್ದಾರೆ, ಅನುಮಾನವಿದ್ದಿದ್ದರೆ ಆಗಲೇ ಬರೆದು ತಿಳಿಸಬಹುದಿತ್ತು ಎಂದರು. ಅವರ ಕಾಲದ ತಿಂಗಳುಗಳನ್ನೆಲ್ಲ ‘ಅಜಾಗರೂಕತೆ’ ಎಂದು ಕರೆದು ದಂಡ ಹಾಕಿ ಬಿಟ್ಟರು. ಅಕ್ಕನದಕ್ಕೆ ‘ಉದ್ದೇಶಪೂರ್ವಕ’ ಎಂಬ ಪದ ಬಿತ್ತು. ತಿಂಗಳಿಗೊಂದು ಬೇರೆ ಬೆಲೆ ಬರೆದಿದ್ದಳಲ್ಲ, ಅಜಾಗರೂಕತೆ ಎನ್ನಲು ಬರುವುದಿಲ್ಲವಂತೆ. ಹತ್ತು ವರ್ಷ ಹಣಕಾಸಿನ ಯಾವ ಕಂಪನಿಯಲ್ಲೂ ಕೆಲಸ ಮಾಡುವ ಹಾಗಿಲ್ಲ. ಅವಳಿಗೆ ಬರುವುದು ಅದೊಂದೇ ಕೆಲಸ.

ಅಷ್ಟೂ ದಿನ ನಾನು ಒಳಗೊಳಗೇ ಬೆಂದೆ. ‘ಸುಮ್ನಿದ್ಬಿಡು’ ಎಂದ ನನ್ನ ಬಾಯಿಗೆ ನಾನೇ ಶಾಪ ಹಾಕಿಕೊಂಡೆ. ಅಪ್ಪನಿಗೆ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ವಿಚಾರಣೆಯಲ್ಲಿ ಅಕ್ಕ ನನ್ನ ಹೆಸರು ಹೇಳಿಬಿಟ್ಟರೆ ಎಂಬ ಭಯ ಬೇರೆ. ಹೇಳಲಿ, ಹೇಳಿದರೆ ಅವಳ ಹೊರೆಯಾದರೂ ಇಳಿಯಲಿ ಎಂದೂ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಹಾಗನ್ನಿಸಿದ ಮರುಗಳಿಗೆಯೇ ನನ್ನ ಮಗಳ ಮುಖ ಕಣ್ಣೆದುರು ಬಂದು ಬೇಡ ಬೇಡ ಎನ್ನಿಸುತ್ತಿತ್ತು.

ತೀರ್ಪಿನ ಪ್ರತಿ ಬಂದ ದಿನ ಮೇಲ್ಮನವಿಗೆ ಕಾಪಿ ಬೇಕೆಂದು ಅಕ್ಕನೇ ಅದನ್ನು ಅಂಗಡಿಗೆ ತಂದಳು. ನೂರಾ ಹನ್ನೊಂದು ಪುಟ. ನಾನು ಒಂದೊಂದೇ ಹಾಕುತ್ತ ಹೋದೆ. ಎಪ್ಪತ್ತನಾಲ್ಕನೆಯ ಪುಟದಲ್ಲಿ ಕಣ್ಣು ನಿಂತಿತು. ಪ್ರಶ್ನೆ: ಮೇಲಧಿಕಾರಿಯ ರಜೆಯ ಅವಧಿಯಲ್ಲಿ ಈ ವಿಷಯ ತಿಳಿದಾಗ ನೀವು ಯಾರ ಸಲಹೆಯನ್ನಾದರೂ ಕೇಳಿದಿರಾ? ಉತ್ತರ: ಇಲ್ಲ. ಅದು ನನ್ನೊಬ್ಬಳ ನಿರ್ಧಾರ.

ಹಾಳೆಯನ್ನು ಗಾಜಿನ ಮೇಲೆ ಇಟ್ಟವಳು ಮುಚ್ಚಳ ಹಾಕಲಿಲ್ಲ. ಅಪ್ಪ ಮೇಲಿದ್ದರು, ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಎರಡು ವರ್ಷದಿಂದ ಒಳಗಿಟ್ಟುಕೊಂಡಿದ್ದ ಮಾತು ಅಳುವಿನ ಜೊತೆಗೇ ಬಂತು.

“ಅಕ್ಕಾ, ನಾನು ಹೇಳಿದ್ದಕ್ಕೆ ತಾನೇ ನೀನು ಸುಮ್ನಿದ್ದಿದ್ದು? ನನ್ನನ್ನ ಯಾಕೆ ಉಳಿಸೋಕೆ ಹೋದೆ? ನನ್ನಿಂದ್ಲೇ ಆಗಿದ್ದು ಅಲ್ವಾ ಇದೆಲ್ಲ?”

ಅವಳು ತನ್ನ ಕೈಯಲ್ಲಿದ್ದ ಪುಟಗಳ ಅಂಚು ಕೂಡಿಸುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ.

“ನೀನೇನು ಹೇಳ್ತೀಯ ಅಂತ ಫೋನ್ ಮಾಡೋ ಮೊದಲೇ ನನಗೆ ಗೊತ್ತಿತ್ತು. ಅದಕ್ಕೇ ನಿನಗೆ ಮಾಡಿದ್ದು. ಬೇರೆ ಮಾತು ಬೇಕಿದ್ರೆ ಅಪ್ಪನಿಗೆ ಮಾಡ್ತಿದ್ದೆ.”

ಅಷ್ಟು ಹೇಳಿ ಅವಳು ಮುಂದಿನ ಪುಟ ನನ್ನ ಕಡೆ ಚಾಚಿದಳು. ಎರಡು ವರ್ಷ ನಾನು ಪಟ್ಟ ಪಾಪಪ್ರಜ್ಞೆಯಲ್ಲಿ ಒಂದಿಷ್ಟು ಜಂಬವೂ ಇತ್ತೆಂದು ಆಗ ತಿಳಿಯಿತು. ಅಷ್ಟು ಓದಿದ ಅಕ್ಕ ಜನ್ಮದಲ್ಲಿ ಒಂದು ಸಲವಾದರೂ ನನ್ನ ಮಾತು ಕೇಳಿದಳಲ್ಲ ಎಂಬ ಜಂಬ. ಅಳು ನಿಂತುಹೋಯಿತು. ಎಪ್ಪತ್ತೈದನೆಯ ಪುಟ ತೆಗೆದುಕೊಂಡು ಗಾಜಿನ ಮೇಲಿಟ್ಟೆ.